ತಿರುಗಿದ ಮುದ್ರಮ್ಮ

"ದೇವ್ರು ತಿರುಗ್ಬುಟ್ಟಳಂತೆ ಕಣಮ್ಮ. ನನ್ ಕೈ ಸೋಕಿ ತಿರುಗ್ಬುಟ್ಟಳಂತೆ. ಅದ್ಕೇ ನನ್ನ ಅಪ್ಪನ ಮನೆಗೆ ಅಟ್ಟವ್ರೆ."

ಶ್ರೀರಂಗಪಟ್ಟಣದ ಕೋಟೆಯೊಳಗೆ ಇಂದಿರಮ್ಮನವರ ಜಗುಲಿಯ ಮೇಲೆ ಕೂತು ಹೀಗೆಂದವಳು ಪ್ರಮೀಳಾ. ಹುಟ್ಟಿದ್ದು ಪಾಂಡವಪುರದ ಕಡೆಯ ಕ್ಯಾತನಹಳ್ಳಿಯಲ್ಲಿ. ಕೊಟ್ಟದ್ದು ನಾಗಮಂಗಲ ತಾಲ್ಲೂಕು, ಹೊಣಕೆರೆ ಹೋಬಳಿಯ ಮುದ್ದನಕೊಪ್ಪಲಿಗೆ. ಅತ್ತತ್ತು ಅವಳ ಕಣ್ಣು ಊದಿತ್ತು. ಆದರೆ ಮಾತಿನಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು, ಅದು ನನಗೆ ಹಿಡಿಸಿತು.

ನಾನು ಪಾಲಹಳ್ಳಿಯ ದೇವರಾಜು. ಹಾಲಿನ ಸೊಸೈಟಿಯ ಕಾರ್ಯದರ್ಶಿ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ಹಳೇ ಓಮ್ನಿಯಲ್ಲಿ ಇಂದಿರಮ್ಮನವರನ್ನು ಕೂರಿಸಿಕೊಂಡು ಊರೂರು ಅಲೆಯುವುದೇ ನನಗೆ ಉದ್ಯೋಗ. ಅವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಜೀವಮಾನವೆಲ್ಲ ಸುಳ್ಳು ಕೇಳಿ ಕೇಳಿ ಅವರ ಕಿವಿ ಹದವಾಗಿದೆ. ಪೊಲೀಸರು ನಕ್ಕು ಕಳಿಸುವಂಥ ದೂರುಗಳೆಲ್ಲ ಕೊನೆಗೆ ಅವರ ಜಗುಲಿಗೇ ಬರುತ್ತವೆ.

ಪ್ರಮೀಳಾ ಹೇಳಿದ ಸಂಗತಿ ಇಷ್ಟು. ಗಂಡನ ಮನೆಯಲ್ಲಿ ಒಂದು ಮರದ ಮುದ್ರೆಯಿದೆ. ಅಂಗೈಯಗಲದ ಹಲಗೆ, ಬೆನ್ನಿಗೊಂದು ಹಿಡಿ, ಮುಖದಲ್ಲಿ ಕೊರೆದ ಸ್ವಸ್ತಿಕ. ಸುಗ್ಗಿಯಲ್ಲಿ ರಾಗಿ ರಾಶಿ ಹಾಕಿದ ಮೇಲೆ ಅದರ ನೆತ್ತಿಗೆ ಸಗಣಿ, ಬೂದಿ ಕಲಸಿ ಮೆತ್ತುತ್ತಾರೆ. ಮುದ್ರೆ ಅಂಟದ ಹಾಗೆ ಅದರ ಮುಖಕ್ಕೆ ಒಣ ಬೂದಿ ಸವರಿ, ಮನೆಯ ಸೊಸೆ ಅಲ್ಲಿ ಒತ್ತಬೇಕು. ಕಾಳು ತುಂಬುವ ಮಣ್ಣಿನ ವಾಡೆಯ ಮೇಲೂ ಹಾಗೇ ಒಂದು ಗುರುತು ಒತ್ತಬೇಕು. ಅದು ಆದ ಮೇಲೆಯೇ ಊರಿನವರು ತಮ್ಮ ರಾಶಿಗೆ ಕೈ ಹಾಕುವುದು. ಮುದ್ರೆಗೆ ಮುದ್ರಮ್ಮ ಎಂದೇ ಹೆಸರು. ವರ್ಷಕ್ಕೊಂದು ಪೂಜೆ, ಉಳಿದ ಕಾಲವೆಲ್ಲ ದೇವರ ಕೋಣೆಯ ಪೆಟ್ಟಿಗೆಯಲ್ಲಿ ಮುಖ ಕೆಳಗಾಗಿ ವಾಸ. ಆ ಮುಖವನ್ನು ಗಂಡಸರು ನೋಡುವಂತಿಲ್ಲ, ನೋಡಿದರೆ ಕಣ್ಣು ಹೋಗುತ್ತದಂತೆ. ತೊಳೆಯುವುದು, ಬೂದಿ ಸವರುವುದು ಅತ್ತೆ, ಸೊಸೆ ಇಬ್ಬರೇ. ಮಿಕ್ಕವರೆಲ್ಲ ನೋಡುವುದು ವಾಡೆಯ ಮೇಲೆ ಒಣಗಿ ನಿಂತ ಗುರುತನ್ನು ಮಾತ್ರ.

ಆ ಗುರುತು ತಲೆತಲಾಂತರದಿಂದ ಬಲಕ್ಕೆ ತಿರುಗಿದ ಸ್ವಸ್ತಿಕ. ಈ ಸಲ ಪ್ರಮೀಳಾ ಒತ್ತಿ ಕೈ ಎತ್ತಿದಾಗ ಅದು ಎಡಕ್ಕೆ ತಿರುಗಿ ಕೂತಿತ್ತು. ಮುದ್ರಮ್ಮ ಮುನಿದು ಬೆನ್ನು ಹಾಕಿದಳು ಎಂದು ಊರಿಗೆ ಊರೇ ಹೌಹಾರಿತು. ಅಮಾವಾಸ್ಯೆಯೊಳಗೆ ಅವಳು ಮತ್ತೆ ಬಲಕ್ಕೆ ತಿರುಗದಿದ್ದರೆ ಪ್ರಮೀಳಾ ಆ ಮನೆಯ ಹೊಸಿಲು ತುಳಿಯುವಂತಿಲ್ಲ ಎಂದು ಊರ ಯಜಮಾನರು ತೀರ್ಮಾನ ಮಾಡಿದ್ದರು.

"ನಿನ್ನ ಗಂಡ ಏನಂತಾನೆ?" ಎಂದೆ.

"ಅವ್ವ ಏಳ್ದಂಗೆ ಅಂದ್ರು."

ಆ ಪುಣ್ಯಾತ್ಮನ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಈ ಇಡೀ ಪ್ರಕರಣದಲ್ಲಿ ಅವನು ಬಾಯಿ ತೆರೆದದ್ದು ಕಾಫಿ ಕುಡಿಯಲು ಮಾತ್ರ.

"ಈ ಸಲ ಮುದ್ರೆ ತೊಳೆದಿದ್ದು ನೀನೇನಾ?" ಇಂದಿರಮ್ಮ ಕೇಳಿದರು.

"ಇಲ್ಲಮ್ಮ, ನಾನು ಒರ್ಗಿದ್ದೆ, ಮುಟ್ಟಂಗಿರ್ನಿಲ್ಲ. ಅತ್ತೆನೇ ತೊಳುದ್ರು. ರಾಶಿ ದಿನ ಬೂದಿ ಸವರಿ ಕೈಗೆ ಕೊಟ್ಟಿದ್ದೂ ಅವ್ರೇ. ಇಡಿ ಯಾಕೋ ಒರಟಾಗದೆ ಅತ್ತೆ ಅಂದೆ. ಒತ್ತಮ್ಮಿ, ಮಾತಾಡ್ಬ್ಯಾಡ ಅಂದ್ರು. ಒತ್ತಿದೆ."

"ಮುದ್ರೆಯ ಮುಖದಲ್ಲಿ ಸ್ವಸ್ತಿಕ ಯಾವ ಕಡೆ ತಿರುಗಿರುತ್ತೆ?"

ಪ್ರಮೀಳಾ ತಲೆ ತಗ್ಗಿಸಿದಳು. "ಮಕದ್ ಇಸ್ಯ ಯಾರ್ ಮುಂದೂ ಬಾಯಿ ಬುಡಕಿಲ್ಲ ಅಂತ ಅತ್ತೆ ತಲೆ ಮುಟ್ಟಿ ಆಣೆ ಮಾಡಿವ್ನಿ. ಅದೊಂದು ಕೇಳ್ಬ್ಯಾಡಿ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮನೆ ಹಾಳಾಗುತ್ತಿದೆ, ಈ ಹುಡುಗಿಗೆ ಆಣೆಯ ಚಿಂತೆ! "ಹೇಳದಿದ್ರೆ ಬೇಡ ಬಿಡು. ಆಣೆ ಮುರಿಯದೇ ತಿಳಿಯೋ ದಾರಿ ಇರುತ್ತೆ," ಎಂದು ಇಂದಿರಮ್ಮ ಚಪ್ಪಲಿ ಮೆಟ್ಟಿದರು.

ಮುದ್ದನಕೊಪ್ಪಲಿನಲ್ಲಿ ನಮಗೆ ಸಿಕ್ಕಿದ ಸ್ವಾಗತ ಹೇಳುವಂಥದ್ದೇನಲ್ಲ. ಅತ್ತೆ ಚಿಕ್ಕಬೋರಮ್ಮ ಕಂಬಕ್ಕೊರಗಿ ಕೂತವಳು ಕೂತೇ ಇದ್ದಳು. ಊರ ಯಜಮಾನ ಚೌಡಯ್ಯ, "ದೇವ್ರ ಇಸ್ಯದಲ್ಲಿ ಪಟ್ಣದೋರಿಗೇನು ಕೆಲ್ಸ?" ಎಂದ. ಮೈದುನ ನಿಂಗರಾಜು ಒಬ್ಬನೇ ಓಡಾಡಿ ಚಾಪೆ ಹಾಸಿದ, ನೀರು ತಂದ. ಮನೆಯ ಬೇಸಾಯ, ಟ್ರಾಕ್ಟರು ಎಲ್ಲ ಅವನದೇ ಮೇಲುಸ್ತುವಾರಿ.

ಮುದ್ರೆ ನೋಡಬೇಕೆಂದು ಇಂದಿರಮ್ಮ ಪಟ್ಟು ಹಿಡಿದರು. ಹೆಂಗಸಾದ್ದರಿಂದ ಯಾರಿಗೂ ಬೇಡವೆನ್ನಲಾಗಲಿಲ್ಲ. ಗಂಡಸರೆಲ್ಲ ಗೋಡೆಗೆ ಮುಖ ಮಾಡಿ ನಿಂತರು. ನಾನೂ ನಿಂತೆ. ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದು ಸುಣ್ಣ ಹೊಡೆದ ಗೋಡೆ ನೋಡುವ ಭಾಗ್ಯ ನನ್ನದು! ಸುಣ್ಣ ಹೊಸದಾಗಿತ್ತು. ಮೂಲೆಯಲ್ಲಿ, ಪೆಟ್ಟಿಗೆ ಇಡುವ ಕಡೆ, ನೆಲದಿಂದ ಗೇಣುದ್ದ ಕಪ್ಪು ಜಿಡ್ಡು ಸುಣ್ಣದೊಳಗಿಂದ ಹಣಕುತ್ತಿತ್ತು. ವರ್ಕ್‌ಶಾಪಿನ ವಾಸನೆ ಮೂಗಿಗೆ ಬಡಿಯಿತು.

"ಸುಣ್ಣ ಯಾರು ಹೊಡೆದಿದ್ದು?" ಎಂದು ಹಿಂದಿನಿಂದ ಇಂದಿರಮ್ಮ ಕೇಳಿದರು.

"ನಾನೇ ಒಡ್ದೆ ಕಣಮ್ಮ, ಅಬ್ಬಕ್ಕೆ ಅಂತ," ಎಂದ ನಿಂಗರಾಜು.

"ಆಯ್ತು, ಎಲ್ಲರೂ ತಿರುಗಿ. ಮುಚ್ಚಿಟ್ಟಿದೀನಿ. ನಿಮ್ಮ ಮುದ್ರಮ್ಮ ಎಡಕ್ಕೇನೂ ತಿರುಗಿಲ್ಲಪ್ಪ. ಮುಖದಲ್ಲಿ ಸ್ವಸ್ತಿಕ ಬಲಕ್ಕೇ ಇದೆ, ಚೊಕ್ಕವಾಗಿದೆ."

ಇದರಿಂದ ಪ್ರಮೀಳಾಳ ತಲೆಯ ಮೇಲಿನ ಕತ್ತಿ ಇಳಿಯುತ್ತದೆ ಎಂದುಕೊಂಡೆ. ಆದದ್ದು ತಿರುಗುಮುರುಗು. ಚೌಡಯ್ಯ ತೊಡೆ ತಟ್ಟಿಕೊಂಡು ಎದ್ದ. "ಕೇಳ್ಕಂಡ್ರಾ? ಮುದ್ರಮ್ಮ ಬಲಕ್ಕೇ ಅವ್ಳೆ. ಗುರ್ತು ಎಡಕ್ಕೆ ಬಂತು ಅಂದ್ರೆ ಕೆಟ್ಟಿರಾದು ಆ ಯಮ್ಮನ ಕೈಯೇ!" ಎಲ್ಲರೂ ಹೂಂಗುಟ್ಟಿದರು. ಇಂದಿರಮ್ಮ ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಇಂಥ ಹೊತ್ತಿನಲ್ಲಿ ಅವರು ಸುಮ್ಮನಿರುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೊರಗೆ ಬಂದರೆ ನಾಗಾರ್ಜುನ ಎಂಬ ಯುವಕ ಓಮ್ನಿಯ ಪಕ್ಕ ಕಾದು ನಿಂತಿದ್ದ. ಅದೇ ಊರಿನವನು, ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರಿಗೆ ಗೈಡು. ಊರ ಬಾಗಿಲಿಗೆ ಹೊಸ ಕಮಾನು ಕಟ್ಟುವಾಗ, ಅದರ ಮೇಲೆ ಸ್ವಸ್ತಿಕ ಬೇಡವೆಂದು ಹಟ ಮಾಡಿ ಉಗಿಸಿಕೊಂಡವನು. ಮುದ್ರೆಯನ್ನು ಇವನೇ ಏನೋ ಮಾಡಿದ್ದಾನೆ ಎಂದು ಕೆಲವರಿಗೆ ಗುಮಾನಿಯೂ ಇತ್ತು.

"ಪ್ರಮೀಳಕ್ಕನ್ನ ಮುದ್ರೆದು ಒಂದ್ ಫೋಟೊ ಕೊಡಕ್ಕ ಅಂದಿದ್ದು ನಿಜ. ಅವ್ರು ಕೊಡ್ನಿಲ್ಲ. ಅಷ್ಟೇ ಕಣಮ್ಮ ನಂಗೊತ್ತಿರಾದು," ಎಂದ. "ನನ್ ಬೈಕಿನ ಮೇಲೆ ಈ ಗುರ್ತು ನೋಡಿ ಒಬ್ರು ಜರ್ಮನ್ ಅಜ್ಜಿ ಗಡಗಡ ನಡುಗ್ಬುಟ್ರು. ಅವತ್ತಿಂದ ನಂಗೆ ಇದನ್ನ ಕಂಡ್ರಾಗಲ್ಲ. ಅದ್ರಲ್ಲೂ ಎಡಕ್ಕೆ ತಿರುಗಿರಾದು ಇಟ್ಲರ್‌ದಂತೆ."

"ಅವನದೂ ಬಲಕ್ಕೇ ತಿರುಗಿದ್ದು. ಓರೆಯಾಗಿ ನಿಲ್ಲಿಸಿದ, ಅದರ ಹೆಸರಲ್ಲಿ ಲಕ್ಷಗಟ್ಟಲೆ ಜನರನ್ನ ಕೊಂದ. ಆ ಅಜ್ಜಿ ನಡುಗಿದ್ದರಲ್ಲಿ ತಪ್ಪಿಲ್ಲಪ್ಪ. ನಮಗೆ ಮಂಗಳ ಅಂತ ಅವರ ಭಯ ಸುಳ್ಳಾಗಲ್ಲ. ಅವರಿಗೆ ಭಯ ಅಂತ ನಮ್ಮದೂ ಕೆಟ್ಟದಾಗಲ್ಲ." ಇಂದಿರಮ್ಮ ಓಮ್ನಿಗೆ ಒರಗಿ ನಿಂತರು. ಒಮ್ಮೆ ಶುರುವಾದರೆ ಅವರು ನಿಲ್ಲುವುದಿಲ್ಲ. "ಇದೇ ತಾಲ್ಲೂಕಿನ ಕಂಬದಹಳ್ಳಿಗೆ ಹೋಗು. ಜೈನರನ್ನ ಕೇಳಿದ್ರೆ ಅದರ ನಾಲ್ಕು ಕೈ ನಾಲ್ಕು ಗತಿ ಅಂತಾರೆ: ದೇವರು, ಮನುಷ್ಯ, ಪ್ರಾಣಿ, ನರಕ. ಬೌದ್ಧರು ಬುದ್ಧನ ಎದೆ ಮೇಲೆ ಎಡಕ್ಕೆ ತಿರುಗಿಸಿ ಬರೀತಾರೆ, ಅವರಿಗೆ ಅದೇ ಶುಭ. ಅದಕ್ಕೂ ಎಷ್ಟೋ ಹಿಂದೆ ಸಿಂಧೂ ಬಯಲಿನವರು ಚಿಕ್ಕ ಚಿಕ್ಕ ಮುದ್ರೆಗಳಲ್ಲಿ ಕೊರೆದಿಟ್ಟರು. ಅವರಿಗೆ ಅದರ ಅರ್ಥ ಏನಿತ್ತೋ ಯಾರಿಗೂ ಗೊತ್ತಿಲ್ಲ. ಹಸಿ ಮಣ್ಣಿನ ಮೇಲೆ ಒತ್ತೋಕೆ ಕೊರೆದರು ಅನ್ನೋದಷ್ಟೇ ಗೊತ್ತು."

"ಮತ್ತೆ ಎಡಕ್ಕಿದ್ರೆ ಕೆಟ್ಟದ್ದು ಅಂತಾರಲ್ಲ?" ಎಂದೆ.

"ನಿಮ್ಮ ಪಾಲಹಳ್ಳಿ ಪಕ್ಕದಲ್ಲೇ ಬಲಮುರಿನೂ ಇದೆ, ಎಡಮುರಿನೂ ಇದೆ. ಎರಡರಲ್ಲೂ ಹರಿಯೋದು ಅದೇ ಕಾವೇರಿ ಅಲ್ವೇನ್ರೀ ದೇವರಾಜು?"

ಮಾತು ಚೆನ್ನಾಗಿತ್ತು, ಆದರೆ ಅದರಿಂದ ಪ್ರಮೀಳಾಳ ಮನೆ ಉಳಿಯುತ್ತದೆಯೇ? ಗಾಡಿ ಹೊರಟ ಮೇಲೆ ನಾನು ಕೇಳಿಯೇಬಿಟ್ಟೆ. ಇಂದಿರಮ್ಮ ತಮ್ಮ ಉಗುರು ತೋರಿಸಿದರು. ಉಗುರಿನ ಸಂದಿಯಲ್ಲಿ ಅರಿಶಿನದಂಥ ಹುಡಿ ಇತ್ತು. "ಕೆರೆದು ನೋಡಿದೆ. ಮೇಲೆ ಎಣ್ಣೆ, ಮಸಿ ಹಚ್ಚಿ ಕಪ್ಪು ಮಾಡಿದಾರೆ, ಒಳಗೆ ಹಳದಿ. ಹೊಸ ಹಲಸಿನ ಮರ. ಅದು ಮುದ್ರಮ್ಮನೇ ಅಲ್ಲ. ಬದಲಾಯಿಸಿದಾರೆ."

"ಹಂಗಾದ್ರೆ ಅಲ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬದಲಾಯಿಸಿದ್ದೂ ಪ್ರಮೀಳಾನೇ ಅಂತಿದ್ರು. ಯಾರು ಅಂತ ತಿಳೀಲಿ. ಗುಟ್ಟಿನ ಕೆಲಸಕ್ಕೆ ಊರ ಬಡಗಿ ಹತ್ರ ಯಾರೂ ಹೋಗಲ್ಲ, ಕೆ.ಆರ್. ಪೇಟೆ ಕಡೆ ತಿರುಗಿಸಿ."

ಬಡಗಿಗಳನ್ನು ಹುಡುಕಿದ ಆ ದಿನವನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಒಬ್ಬ ಊಟಕ್ಕೆ ಹೋಗಿದ್ದ. ಒಬ್ಬ ನಮ್ಮನ್ನು ಅರಣ್ಯ ಇಲಾಖೆಯವರೆಂದು ತಿಳಿದು ಮರವನ್ನೆಲ್ಲ ಮುಚ್ಚಿಟ್ಟ. ಇನ್ನೊಬ್ಬ ಹಳೆಯ ಮಂಚವೊಂದನ್ನು ನಮಗೆ ಮಾರಲು ನೋಡಿದ. ಕೊನೆಗೆ ಸಂತೆಮಾಳದ ಬಳಿ, ಮನೆಬಾಗಿಲು ಕೆತ್ತುವ ಒಬ್ಬ ಒಪ್ಪಿಕೊಂಡ. ಆದರೆ ಮಾಡಿಸಿದವರು ಯಾರೆಂದು ಎಷ್ಟು ಬೇಡಿಕೊಂಡರೂ ಹೇಳಲೊಲ್ಲ.

"ದೇವ್ರ ಕೆಲ್ಸ ಸ್ವಾಮಿ, ಎಸ್ರು ಏಳಲ್ಲ ಅಂತ ಮಾತು ಕೊಟ್ಟಿವ್ನಿ. ಮಣ್ಣಿನ ವಾಡೆ ಮೇಲಿನ ಗುರ್ತುನ್ನ ಫೋನಲ್ಲಿ ತೋರುಸ್ದ. ಅದ್ರಲ್ಲಿ ಎಂಗಿತ್ತೋ ಅಂಗೇ ಕೊರ್ದಿವ್ನಿ. ಕೂದ್ಲೆಳೆ ವ್ಯತ್ಯಾಸ ಇಲ್ಲ, ಬೇಕಾರೆ ಇಟ್ಟು ನೋಡಿ," ಎಂದು ಎದೆಯುಬ್ಬಿಸಿದ.

ಹೆಸರು ಸಿಗದೆ ನಾನು ಸ್ಟೀರಿಂಗ್ ಗುದ್ದಿದೆ. ಇಂದಿರಮ್ಮ ಮಾತ್ರ ಹಬ್ಬದೂಟ ಉಂಡವರಂತೆ ಸೀಟಿಗೊರಗಿದರು. "ಸಾಕು. ಪ್ರಮೀಳಾನ ಕರ್ಕೊಂಡು ಬನ್ನಿ. ನಾಳೆ ಅದೇ ಮನೆಯ ಅಂಗಳದಲ್ಲಿ ಎಲ್ಲರನ್ನೂ ಸೇರಿಸೋಣ," ಎಂದರು.

ಮರುದಿನ ಅಂಗಳದಲ್ಲಿ ರಾಗಿ ರಾಶಿ ಹಾಗೇ ಇತ್ತು. ನೆತ್ತಿಯ ಮೇಲೆ ಎಡಕ್ಕೆ ತಿರುಗಿದ ಗುರುತು ಒಣಗಿ ಬಿರುಕು ಬಿಟ್ಟಿತ್ತು. ಪ್ರಮೀಳಾಳನ್ನು ಅಂಗಳದ ಬಾಗಿಲ ಹೊರಗೇ ನಿಲ್ಲಿಸಿದರು. ಅವಳ ಗಂಡ ಕಾಫಿ ಲೋಟ ಹಿಡಿದು ದೂರ ಕೂತ.

"ನಾಗಾರ್ಜುನ, ಇಲ್ಲಿ ಬಾ," ಎಂದರು ಇಂದಿರಮ್ಮ. "ಬಲ ಅಂಗೈ ನಿನ್ನ ಮುಖದ ಮುಂದೆ ಹಿಡಿ, ಬೆರಳು ಮೇಲಕ್ಕೆ. ಹೆಬ್ಬೆರಳು ಯಾವ ಕಡೆ ಇದೆ?"

"ಬಲಕ್ಕೆ."

"ಬೂದಿಯಲ್ಲಿ ಅದ್ದಿ ಗೋಡೆಗೊತ್ತು. ಈಗ ಗೋಡೆ ಮೇಲೆ ಹೆಬ್ಬೆರಳು?"

ಅವನು ಕೈ ತೆಗೆದು ನೋಡಿ ಹಣೆ ಚಚ್ಚಿಕೊಂಡ. "ಎಡಕ್ಕೆ!"

"ಕೈ ಕೆಟ್ಟಿದೆಯಾ? ಇಲ್ಲ. ಒತ್ತಿದ್ದೆಲ್ಲ ತಿರುಗಿ ಬರುತ್ತೆ. ನಿಮ್ಮ ವಾಡೆ ಮೇಲೆ ಗುರುತು ಬಲಕ್ಕಿದೆ ಅಂದರೆ ಹಳೇ ಮುದ್ರೆಯ ಮುಖ ಎಡಕ್ಕೇ ಇರಬೇಕು. ಈಗ ಪೆಟ್ಟಿಗೆಯಲ್ಲಿರೋದರ ಮುಖ ಬಲಕ್ಕಿದೆ. ಅಂದಮೇಲೆ ಅದು ಬೇರೆ ಮುದ್ರೆ. ಮರವೂ ಹೊಸದು, ಹಿಡಿಯೂ ಇನ್ನೂ ಸವೆದಿಲ್ಲ."

ಮೂವತ್ತು ವರ್ಷ ಸೊಸೈಟಿಯ ರಬ್ಬರ್ ಮೊಹರು ಒತ್ತಿದವನು ನಾನು. ಅದರ ಅಕ್ಷರ ಹಿಂದುಮುಂದಾಗಿರುವುದನ್ನು ದಿನಾ ಕಂಡವನು. ದೇವರನ್ನೂ ಮೊಹರನ್ನೂ ಒಟ್ಟಿಗೆ ಯೋಚಿಸಲು ತೋಚಲಿಲ್ಲ ನೋಡಿ! ಆದರೆ ಅದು ಶುರುವಿನಲ್ಲಿ ಮೊಹರೇ ಆಗಿತ್ತು ಎಂದು ಇಂದಿರಮ್ಮ ಹೇಳಿದರು. ಹಿಂದೆ ದೇವಸ್ಥಾನದ ಪಾಲು ಅಳೆಯುವವರೆಗೆ ರಾಶಿಗೆ ಯಾರೂ ಕೈ ಹಾಕದಿರಲಿ ಎಂದು ಒತ್ತುತ್ತಿದ್ದಿರಬೇಕು. ಕಾಳು ತೆಗೆದರೆ ಗುರುತು ಒಡೆಯುತ್ತಿತ್ತು. ಕಾವಲಿನ ಗುರುತೇ ಬರಬರುತ್ತಾ ಕಾಯುವ ದೇವರಾಯಿತು ಎಂಬುದು ಅವರ ಊಹೆ.

"ಹೊಸದನ್ನ ಮಾಡಿಸಿದವರು ವಾಡೆ ಮೇಲಿನ ಗುರುತು ನೋಡಿ ಮಾಡಿಸಿದಾರೆ. ಮುಖ ನೋಡಿದವರು ಆ ತಪ್ಪು ಮಾಡಲ್ಲ. ಪ್ರಮೀಳಾ ಮಾಡಿಸಿದ್ದರೆ ಸರಿಯಾಗೇ ಮಾಡಿಸ್ತಿದ್ದಳು. ಅವಳು ತಪ್ಪಿತಸ್ಥೆ ಅಲ್ಲ ಅನ್ನೋದಕ್ಕೆ ಆ ಎಡಮುರಿ ಗುರುತೇ ಸಾಕ್ಷಿ. ಮಾಡಿಸಿದ್ದು ಮುಖ ನೋಡಬಾರದ ಗಂಡಸು. ನಾಗಾರ್ಜುನನೂ ಮುಖ ಕಂಡಿಲ್ಲ, ಆದರೆ ಅವನು ದೇವರ ಕೋಣೆ ಮೂಲೆಗೆ ಟ್ರಾಕ್ಟರಿನ ಸುಟ್ಟೆಣ್ಣೆ ಯಾಕೆ ಬಳೀತಾನೆ? ಸುಟ್ಟೆಣ್ಣೆ ಬಳಿಯೋದು ಯಾತಕ್ಕೆ ಚೌಡಯ್ಯ?"

"ಗೆದ್ಲಿಗೆ," ಎಂದ ಚೌಡಯ್ಯ, ಒಲ್ಲದ ಮನಸ್ಸಿನಿಂದ.

"ಟ್ರಾಕ್ಟರು ಯಾರದ್ದು, ಸುಣ್ಣ ಹೊಡೆದು ಆ ಎಣ್ಣೆ ಮುಚ್ಚಿದವರು ಯಾರು, ನಾನು ಹೇಳಬೇಕಾ?"

ನಿಂಗರಾಜು ಕುಸಿದು ಕೂತ. "ಸುಣ್ಣ ಒಡ್ಯಕೆ ಅಂತ ಪೆಟ್ಗೆ ಎತ್ತಿದ್ರೆ ತಳವೆಲ್ಲ ಉದುರೋಯ್ತು. ಒಳಗೆ ಗೆದ್ಲು. ಕಣ್ ಓದಾತು ಅಂತ ಕಣ್ ಮುಚ್ಕಂಡೇ ಗೋಣಿಚೀಲಕ್ಕೆ ತುಂಬ್ದೆ. ನನ್ ಉಸ್ತುವಾರೀಲಿ ಮುದ್ರಮ್ಮ ಮಣ್ಣಾದ್ಲು ಅಂತ ಅವ್ವನ ಮುಂದೆ ಎಂಗ್ ಏಳ್ಲಿ? ಪೆಟ್ಗೆಗೆ ಬ್ಯಾರೆ ತಳ ಆಕಿ, ಹೊಸದು ಮಾಡ್ಸಿಟ್ರೆ ಯಾರ್ಗೂ ಗೊತ್ತಾಗಕಿಲ್ಲ ಅನ್ಕಂಡೆ. ಅತ್ಗೆ ಮ್ಯಾಲೆ ಬತ್ತದೆ ಅಂತ ಗೊತ್ತಿರ್ನಿಲ್ಲ."

"ಬಂದ್ಮೇಲೆ ಗೊತ್ತಾಯ್ತಲ್ಲ?" ಎಂದು ನಾನು ಕೂಗಿದೆ.

ಚೌಡಯ್ಯ ನಡುವೆ ಬಾಯಿ ಹಾಕಿದ. "ಆಗಿದ್ದಾಯ್ತು ಬುಡಿ. ಆದ್ರೂ ಒಂದ್ ಶಾಂತಿ ಮಾಡ್ಸಣ. ಎಡ್ಗಡೆ ಗುರ್ತು ಬಿದ್ದಿದ್ದು ಆ ಯಮ್ಮನ ಕೈಯಿಂದ್ಲೇ ಅಲ್ವಾ?"

ಇಂಥವರಿಗೆ ಏನು ಹೇಳಿ ಏನು ಪ್ರಯೋಜನ! ನಾನು ಎದ್ದು ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಅದನ್ನು ಇಲ್ಲಿ ಬರೆಯಲಾರೆ. ಅಷ್ಟರಲ್ಲಿ ಪ್ರಮೀಳಾ ಬಾಗಿಲು ದಾಟಿ ಅಂಗಳಕ್ಕೆ ಬಂದಳು. ಯಾರೂ ತಡೆಯಲಿಲ್ಲ.

"ಚೀಲ ಎಲ್ಲಿ?" ಎಂದು ಮೈದುನನನ್ನು ಕೇಳಿದಳು. ಅವನು ಹುಲ್ಲಟ್ಟದಿಂದ ತಂದುಕೊಟ್ಟ. ಅವಳು ಅದರ ಬಾಯಿ ಬಿಚ್ಚುತ್ತಲೇ ಗಂಡಸರೆಲ್ಲ ದಡದಡನೆ ಗೋಡೆಯ ಕಡೆ ತಿರುಗಿದರು.

"ಯಾರೂ ತಿರುಗ್ಬ್ಯಾಡಿ," ಎಂದಳು ಪ್ರಮೀಳಾ. "ನೋಡ್ದೇ ಇದ್ದುದ್ಕೇ ಇಷ್ಟೆಲ್ಲ ಆಗಿದ್ದು. ನೋಡಿ."

ಹಲಗೆಯ ಮುಖವನ್ನು ಗೆದ್ದಲು ಮುಕ್ಕಾಲುಪಾಲು ತಿಂದಿತ್ತು. ನಡುವಿನ ಗುಳಿ ಮತ್ತು ಅದರಿಂದ ಮೇಲಕ್ಕೆ ಹೊರಟು ಮಡಚಿದ ಒಂದು ಕೈ ಉಳಿದಿತ್ತು. ಅದು ಎಡಕ್ಕೇ ಮಡಚಿತ್ತು. ಎಲ್ಲರೂ ನೋಡಿದರು. ಯಾರ ಕಣ್ಣೂ ಹೋಗಲಿಲ್ಲ.

"ಓಗ್ಲಿ ಬಾರವ್ವ ಒಳಕ್ಕೆ," ಎಂದ ಚೌಡಯ್ಯ, ಈಗ ಮೆತ್ತಗೆ. "ಸರ್ಯಾಗಿ ಕೊರ್ಸಿ ಇನ್ನೊಂದು ಮಾಡ್ಸಣ. ನೀನೇ ಒತ್ತೀಯಂತೆ."

ನಾನು ಇಂದಿರಮ್ಮನವರನ್ನು ನೋಡಿದೆ. ಕೆಲಸ ಮುಗಿಯಿತು, ಏಳೋಣ ಎನ್ನುತ್ತಾರೆಂದುಕೊಂಡಿದ್ದೆ. ಅವರು ಏಳಲಿಲ್ಲ. ಹೇಳಬೇಕಾದ ಇನ್ನೊಂದು ಮಾತನ್ನು ಹೇಳಲು ಇಷ್ಟವಿಲ್ಲದವರ ಹಾಗೆ ಕೈ ನೋಡಿಕೊಳ್ಳುತ್ತಿದ್ದರು. ಆ ಮಾತನ್ನು ಪ್ರಮೀಳಾಳೇ ಹಿಡಿದಳು. ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ತೊಳ್ದೋರು ನೀವು. ಬೂದಿ ಸವರ್ದೋರು ನೀವು. ಇಷ್ಟ್ ವರ್ಸ ಮಕ ನೋಡಿರೋರು ನೀವು. ಇಡಿ ಒರಟಾಗದೆ ಅಂದಾಗ, ಮಾತಾಡ್ಬ್ಯಾಡ ಅಂದ್ರಲ್ಲ. ನಿಮ್ಗೆ ಗೊತ್ತಿತ್ತಾ?"

ಚಿಕ್ಕಬೋರಮ್ಮ ಕಂಬ ಬಿಟ್ಟು ನೆಟ್ಟಗೆ ಕೂತಳು.

"ತೊಳ್ಯಕೆ ಎತ್ಕಂಡಾಗ್ಲೇ ಗೊತ್ತಾಯ್ತು ಕಣವ್ವ. ನಿಂಗನ್ ಕೆಲ್ಸ ಅಂತ್ಲೂ ಗೊತ್ತಾಯ್ತು. ಊರೋರ್ ಮುಂದೆ ಅವನ್ನ ನಿಲ್ಸಕೆ ಮನ್ಸ್ ಬರ್ನಿಲ್ಲ. ಒಟ್ಟೇಲಿ ಎತ್ತ ಮಗ ಕಣವ್ವ."

"ನನ್ನ ನೀವು ಎತ್ತಿರ್ನಿಲ್ಲ. ಅದೇ ನನ್ ತಪ್ಪು," ಎಂದಳು ಪ್ರಮೀಳಾ.

ಅವಳ ದನಿ ಏರಲಿಲ್ಲ. ಗೆದ್ದಲು ತಿಂದ ಹಲಗೆಯನ್ನು ಅತ್ತೆಯ ಮಡಿಲಿಗಿಟ್ಟಳು. "ಈಗ ಇವ್ರು ಬಾ ಅಂದ್ರು ಅಂತ ನಾನ್ ಒಳಕ್ಕೆ ಬರಕಿಲ್ಲ. ನೀವೇ ಕ್ಯಾತ್ನಳ್ಳಿಗೆ ಬನ್ನಿ. ನಮ್ಮಪ್ಪ ನಮ್ಮವ್ವನ ಮುಂದೆ, ಬಾಗ್ಲಲ್ಲಿ ನಿಂತು, ಇಲ್ಲಿ ಏಳಿದ್ದ ಅಲ್ಲಿ ಏಳಿ. ಆಮೇಲೆ ಬತ್ತೀನಿ." ಗಂಡನ ಕಡೆ ಅವಳು ನೋಡಲೂ ಇಲ್ಲ. ಬಂದು ಓಮ್ನಿಯ ಹಿಂದಿನ ಸೀಟಿನಲ್ಲಿ ಕೂತಳು.

ಇಂದಿರಮ್ಮ ಮುಂದೆ ಹತ್ತಿದರು. ಕಳ್ಳ ಸಿಕ್ಕಿದ್ದ, ಹುಡುಗಿ ನಿರಪರಾಧಿ ಎಂದು ಎಲ್ಲರೂ ಒಪ್ಪಿದ್ದರು, ಆದರೂ ಅವಳು ಬಂದಂತೆಯೇ ಹೋಗುತ್ತಿದ್ದಳು. ಸಿಟ್ಟಿನಲ್ಲಿ ಕೀಲಿ ತಿರುಗಿಸಿದರೆ ದರಿದ್ರ ಗಾಡಿ ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ, ಕೆಮ್ಮಿ ನಿಂತಿತು.

ಆಗ ಹಿಂದಿನ ಬಾಗಿಲು ಸರಿದ ಸದ್ದಾಯಿತು. ಚಿಕ್ಕಬೋರಮ್ಮ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು. ಕಾಲಲ್ಲಿ ಚಪ್ಪಲಿಯಿರಲಿಲ್ಲ.

"ಒಸಿ ಜರುಗವ್ವ," ಎಂದಳು.

ಪ್ರಮೀಳಾ ಅವಳ ಮುಖ ನೋಡಲಿಲ್ಲ. ಕಿಟಕಿಯ ಆಚೆ ನೋಡುತ್ತಲೇ, ಒಬ್ಬರು ಕೂರುವಷ್ಟು ಜರುಗಿದಳು.